ನನ್ನವಳ ಇಸ್ಕೂಲು

ವೀಸಾ ಫಾರ್ಮಿನಲ್ಲಿ ‘ಡಿಪೆಂಡೆಂಟ್’ ಅನ್ನೋ ಕಡೆ ನನ್ನ ಹೆಸರು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಅದುವರೆಗೂ ಆ ಜಾಗ ಇರೋದು ಹೆಂಡತಿ, ಮಕ್ಕಳಿಗೆ ಅಂತಲೇ ಅಂದ್ಕೊಂಡಿದ್ದೆ.

ಕೆಲಸ ಸಿಕ್ಕಿದ್ದು ನನ್ನವಳಿಗೆ. ಬ್ಯಾಂಕಾಕ್‌ನಿಂದ ಸುಮಾರು 450 ಕಿ.ಮೀ. ದೂರದ ಖೋನ್ ಕೇನ್ ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಬೆಂಗಳೂರಿನ ನನ್ನ ಕಂಪನಿಗೆ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಹೊರಟೆ. ‘ಹೆಂಡ್ತಿ ಹಿಂದೆ ಹೋಗ್ತಿದೀಯೇನೋ?’ ಅಂದ್ರು ಚಿಕ್ಕಪ್ಪ. ನಕ್ಕು ಸುಮ್ಮನಾದೆ.

ನಿಜ ಹೇಳ್ತೀನಿ, ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಅವಳು ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಎಂಎ, ಬಿಎಡ್ ಎಲ್ಲ ಆಮೇಲೆ. ಮದುವೆಯಾದ ಹೊಸದರಲ್ಲಿ, ನನ್ನ ಗೆಳೆಯರ ಮುಂದೆ ಅವಳ ಬಾಯಿಂದ ‘ಇಸ್ಕೂಲು’ ಅಂತ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಅವಳು ಏನೂ ಅನ್ನಲಿಲ್ಲ. ಅವತ್ತಿನಿಂದ ಅವರ ಮುಂದೆ ಇಂಗ್ಲಿಷ್ ಮಾತಾಡೋದನ್ನೇ ಬಿಟ್ಟಳು.

ಕೆಲಸ ಹುಡುಕುವಾಗಲೂ ಅದೇ ಗೋಳು. ಎಷ್ಟೋ ಜಾಹೀರಾತುಗಳಲ್ಲಿ ‘ಇಂಗ್ಲಿಷ್ ಮಾತೃಭಾಷೆಯವರಿಗೆ ಮಾತ್ರ’ ಅಂತ ಇರುತ್ತಿತ್ತು. ಅವಳನ್ನು ಟೋಯಿಕ್ ಪರೀಕ್ಷೆಯಲ್ಲಿ 990ಕ್ಕೆ ಕನಿಷ್ಠ 600 ಅಂಕ ಕೇಳಿದರು. ಎಂಎ ಮಾಡಿದವಳು ಮತ್ತೆ ಪರೀಕ್ಷೆಗೆ ಕೂತಳು.

ಇಲ್ಲಿ ಶಾಲೆ ಶುರುವಾಗೋದು ಮೇ ತಿಂಗಳಲ್ಲಿ. ಜೂನ್‌ನ ಒಂದು ಗುರುವಾರ ‘ವಾಯ್ ಕ್ರು’ ಅಂತ ಆಚರಣೆ. ಕ್ರು ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಗುರುವೇ. ಮಕ್ಕಳು ಮಂಡಿಯೂರಿ ಹೂವಿನ ತಟ್ಟೆ ಕೊಟ್ಟು ನಮಸ್ಕರಿಸ್ತಾರೆ. ತಟ್ಟೆಯಲ್ಲಿ ಗರಿಕೆ, ಕೇಪಳ, ಬದನೆ ಹೂ. ಸೂಜಿಯಂಥ ಕೇಪಳದ ಮೊಗ್ಗು ಚೂಪಾದ ಬುದ್ಧಿಗೆ, ತಲೆ ಬಾಗಿಸುವ ಬದನೆ ಹೂ ವಿನಯಕ್ಕೆ. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ, ‘ಅಲ್ಲೂ ಗರಿಕೆನಾ!’ ಅಂದ್ರು.

ಆದ್ರೆ ನನ್ನ ಕಣ್ಣು ತೆರೆಸಿದ್ದು ಅದಲ್ಲ. ಒಂದು ಮಧ್ಯಾಹ್ನ ಮಗಳನ್ನು ಕರೆತರೋಕೆ ಹೋದವನು ಅವಳ ಕ್ಲಾಸಿನ ಕಿಟಕಿ ಹತ್ತಿರ ನಿಂತೆ. ಮಕ್ಕಳು ‘ಸಕೂನ್’, ‘ಫುಟ್‌ಬಾನ್’ ಅಂತಿದ್ವು. ಥಾಯ್ ಭಾಷೆಯಲ್ಲಿ ಪದದ ಕೊನೆಯ ‘ಲ್’ ಬಾಯಲ್ಲಿ ‘ನ್’ ಆಗುತ್ತೆ. ‘ಸ್ಕ’ ಕಷ್ಟ ಅಂತ ನಡುವೆ ಒಂದು ‘ಅ’ ಸೇರುತ್ತೆ. ಇವಳು ಬೈಯಲಿಲ್ಲ. ಎದೆ ಮುಟ್ಟಿಕೊಂಡು ‘ನಾನು ಚಿಕ್ಕವಳಿದ್ದಾಗ, ಇಸ್ಕೂಲು!’ ಅಂದಳು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಅವಳೂ ನಕ್ಕಳು. ಆಮೇಲೆ ಬಾಯಿ ತೆರೆದು, ‘ಲ್’ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಎಲ್ಲಿ ತಾಗುತ್ತೆ ಅಂತ ತೋರಿಸಿದಳು. ಹತ್ತು ಸಲ, ಇಪ್ಪತ್ತು ಸಲ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದನ್ನು ಹೇಳಿಕೊಡೋಕೆ ಬರ್ತಿರಲಿಲ್ಲ. ಕಷ್ಟಪಟ್ಟು ಕಲಿತವಳಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಗೊತ್ತಿತ್ತು.

ಅವತ್ತು ರಾತ್ರಿ, ‘ಆಗ ನಕ್ಕಿದ್ದಕ್ಕೆ ಸಾರಿ’ ಅಂದೆ.

‘ಯಾವಾಗ?’ ಅಂದಳು. ಅವಳಿಗೆ ಚೆನ್ನಾಗಿ ನೆನಪಿದೆ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಮಾರ್ಚ್‌ಗೆ ಶಾಲೆಯ ವರ್ಷ ಮುಗಿಯುತ್ತೆ, ನನ್ನ ರಜೆಯೂ. ವಾಪಸ್ ಹೋಗೋದಾ, ಇರೋದಾ, ಇನ್ನೂ ತೀರ್ಮಾನವಾಗಿಲ್ಲ. ಈ ಸಲ ಮೊದಲು ಅವಳನ್ನು ಕೇಳಬೇಕು.

ಬೆಳಗ್ಗೆ ಮಗಳು ‘ಅಪ್ಪಾ, ಸಕೂನ್‌ಗೆ ಟೈಮಾಯ್ತು’ ಅಂತಾಳೆ. ನಾನು ತಿದ್ದೋಕೆ ಹೋಗಲ್ಲ. ಎರಡು ಟಿಫನ್ ಬಾಕ್ಸ್ ಕಟ್ಟಿ, ಇಬ್ಬರನ್ನೂ ಬಿಟ್ಟು ಬರ್ತೀನಿ.