ಚಿಕ್ಕ ಆಂಟೆನಾದ ಪ್ರಯೋಜನ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ನಾವು ಬಲ್ಲ ವಿಷಯವನ್ನೇ ಬರೆಯುವುದು ಲೇಸೆಂದು ತೋರಿತು. ಈ ಶಾಲೆಯಲ್ಲಿ ಕಲಿತು, ಮುಂದೆ ಮೂವತ್ತು ವರ್ಷಕಾಲ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರವನ್ನು ಕಲಿಸಿದ ನಮಗೆ ಒದಗಿದ ಹವ್ಯಾಸವು ರೇಡಿಯೋ. ರೇಡಿಯೋ ಎಂದರೆ ಹಾಡನ್ನೂ ವಾರ್ತೆಯನ್ನೂ ಕೇಳುವುದಷ್ಟೇ ಅಲ್ಲ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಲೈಸೆನ್ಸನ್ನು ಪಡೆದು, ತಮಗೆ ಕೊಡಲ್ಪಟ್ಟ ಕಾಲ್‌ಸೈನನ್ನು ಉಚ್ಚರಿಸಿ ದೂರದೂರದವರೊಡನೆ ಸಂಭಾಷಿಸುವವರೂ ಲೋಕದಲ್ಲಿ ಇರುವರು. ಹಣದಾಸೆಯಿಲ್ಲದೆ ನಡೆಯುವ ಈ ವಿದ್ಯೆಗೆ ಹವ್ಯಾಸಿ ರೇಡಿಯೋ ಎಂದೂ, ರೂಢಿಯಲ್ಲಿ ಹ್ಯಾಮ್ ರೇಡಿಯೋ ಎಂದೂ ಹೆಸರು. ಈ ಬಳಗದಲ್ಲಿ ಸ್ತ್ರೀಯರನ್ನು, ವಯಸ್ಸು ಎಷ್ಟೇ ಆಗಿರಲಿ, ‘ವೈ.ಎಲ್.’ ಅಂದರೆ ಯಂಗ್ ಲೇಡಿ ಎಂದೇ ಕರೆಯುವ ಪದ್ಧತಿಯುಂಟು. ಅರವತ್ತು ದಾಟಿದ ನಮಗೂ ಆ ಬಿರುದು ತಪ್ಪಲಿಲ್ಲ!

ಈ ಹವ್ಯಾಸವನ್ನು ಕೈಕೊಂಡ ಎಷ್ಟೋ ಮಂದಿ ಹೆಂಗಸರು ಮದುವೆಯಾಗಿ, ಇಲ್ಲವೆ ವರ್ಗವಾಗಿ, ಬಾಡಿಗೆಯ ಮನೆಗೋ ಮಹಡಿಯ ಮನೆಗೋ ಹೋದೊಡನೆ ಅದನ್ನು ಬಿಟ್ಟುಬಿಡುವುದನ್ನು ನಾವು ಕಂಡಿದ್ದೇವೆ. ಕಾರಣವನ್ನು ಕೇಳಿದರೆ, “ರೇಡಿಯೋ ಇಡಲು ಮೇಜಿನ ಮೂಲೆ ಸಾಕು, ಆಂಟೆನಾ ಕಟ್ಟಲು ಅಂಗಳ ಬೇಕಲ್ಲಾ?” ಎನ್ನುವರು. ಅಂಗಳವಿಲ್ಲದವರೂ ಈ ವಿದ್ಯೆಯನ್ನು ಉಳಿಸಿಕೊಳ್ಳಬಹುದು. ಅದಕ್ಕೆ ತೆರಬೇಕಾದ ಬೆಲೆಯನ್ನು ಮೊದಲೇ ಲೆಕ್ಕಹಾಕಿ ತಿಳಿಯಬಹುದು. ಇದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಆಂಟೆನಾ ಏತಕ್ಕೆ ಉದ್ದವಾಗಿರಬೇಕು? ರೇಡಿಯೋ ಅಲೆಗೆ ಒಂದು ಉದ್ದವುಂಟು. ೩೦೦ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದವು ಮೀಟರುಗಳಲ್ಲಿ ದೊರೆಯುವುದು. ಹ್ಯಾಮ್‌ಗಳು ಬಹಳವಾಗಿ ಬಳಸುವ ೭.೧ ಮೆಗಾಹರ್ಟ್ಸಿನ ಅಲೆಯು ಸುಮಾರು ೪೨ ಮೀಟರು ಉದ್ದ. ಅದರ ಅರ್ಧದಷ್ಟು, ಅಂದರೆ ಸುಮಾರು ೨೦ ಮೀಟರಿನ ತಂತಿಯನ್ನು ಎತ್ತರದಲ್ಲಿ ಎಳೆದು ನಡುವೆ ರೇಡಿಯೋವನ್ನು ಸೇರಿಸಿದರೆ, ಕೊಟ್ಟ ಶಕ್ತಿಯ ಬಹುಭಾಗವು ಅಲೆಯಾಗಿ ಹೊರಡುವುದು. ತಂತಿಯು ಅಲೆಗಿಂತ ಬಹಳ ಚಿಕ್ಕದಾದರೆ ಶಕ್ತಿಯ ಹೆಚ್ಚು ಭಾಗ ಲೋಹವನ್ನು ಬಿಸಿಮಾಡುವುದರಲ್ಲಿಯೇ ವ್ಯಯವಾಗುವುದು.

ಇದಕ್ಕೆ ಚರಿತ್ರೆಯಲ್ಲಿಯೇ ಎರಡು ದೃಷ್ಟಾಂತಗಳುಂಟು. ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ ಪ್ರಯೋಗ ಮಾಡಿದರು. ಅವರ ಆಂಟೆನಾ ಕೈಯಲ್ಲಿ ಹಿಡಿಯಬಹುದಾದ ಒಂದು ಕೊಳವೆಬಾಯಿ. ೧೯೦೧ನೆಯ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಸಂಕೇತವನ್ನು ನ್ಯೂಫೌಂಡ್‌ಲೆಂಡಿನಲ್ಲಿ ಕೇಳಲು ಮಾರ್ಕೋನಿಯವರು ಗಾಳಿಪಟಕ್ಕೆ ಸುಮಾರು ೧೫೦ ಮೀಟರಿನ ತಂತಿಯನ್ನು ಕಟ್ಟಿ ಹಾರಿಸಬೇಕಾಯಿತು. ಇಬ್ಬರ ಅಲೆಗಳೂ ಬೇರೆ, ಆದಕಾರಣ ಆಂಟೆನಾಗಳೂ ಬೇರೆ. ಚಿಕ್ಕದು, ದೊಡ್ಡದು ಎಂಬ ಮಾತನ್ನು ಅಲೆಗೆ ಹೋಲಿಸಿಯೇ ಆಡತಕ್ಕದ್ದು.

ಇನ್ನು ನಮ್ಮ ಸಂಗತಿ. ಕರಾವಳಿಯ ನಮ್ಮ ಹಳೆಯ ಮನೆಯಲ್ಲಿ ಎರಡು ತೆಂಗಿನಮರಗಳ ನಡುವೆ ೨೦ ಮೀಟರಿನ ತಂತಿಯು ಬಹುವರ್ಷ ನಿರಾತಂಕವಾಗಿ ನೇತಾಡುತ್ತಿದ್ದಿತು. ಪ್ರತಿದಿನ ಬೆಳಗ್ಗೆ ಏಳೂವರೆಗೆ ಮಂಗಳೂರು, ಶಿವಮೊಗ್ಗ, ಧಾರವಾಡಗಳ ಸ್ನೇಹಿತರು ೭ ಮೆಗಾಹರ್ಟ್ಸಿನಲ್ಲಿ ಕೂಡುವುದು ವಾಡಿಕೆ. ಮಳೆಬೆಳೆ, ಮೊಣಕಾಲಿನ ನೋವು, ಮೊಮ್ಮಕ್ಕಳ ಪರೀಕ್ಷೆ, ಹೊಸ ಟ್ರಾನ್ಸಿಸ್ಟರು, ಹೀಗೆ ಎಲ್ಲ ವಿಚಾರವೂ ಅಲ್ಲಿ ಬರುವುದು. ನಮ್ಮ ಯಜಮಾನರು ತೀರಿಕೊಂಡ ಮೇಲೆ, ದಿನದ ಮೊದಲನೆಯ ಮಾತು ನಮಗೆ ಆ ಗುಂಪಿನಿಂದಲೇ ದೊರೆಯುತ್ತಿದ್ದಿತು. ಹೀಗಿರಲಾಗಿ ಮಗಳು ನಮ್ಮನ್ನು ಬೆಂಗಳೂರಿಗೆ ಕರೆದೊಯ್ದಳು. ಮನೆಯು ಮೂರನೆಯ ಮಹಡಿಯಲ್ಲಿ. ಹೊರಗೆಂದರೆ ನಾಲ್ಕು ಹೆಜ್ಜೆಯ ಒಂದು ಬಾಲ್ಕನಿ. ಮಾಳಿಗೆಯ ಮೇಲೆ ತಂತಿ ಎಳೆಯಲು ಕಟ್ಟಡದ ಸಂಘದವರನ್ನು ಕೇಳಿದೆವು. “ಅಮ್ಮಾ, ಇಂದು ನಿಮ್ಮ ತಂತಿ ಒಂದಾದರೆ ನಾಳೆ ಹತ್ತಾಗುತ್ತವೆ; ದಯವಿಟ್ಟು ತಪ್ಪು ತಿಳಿಯಬೇಡಿ” ಎಂದರು. ಅವರ ಮಾತಿನಲ್ಲಿಯೂ ನ್ಯಾಯವಿಲ್ಲದೆ ಇರಲಿಲ್ಲ. ಆದರೆ ರೇಡಿಯೋವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದೆಂದರೆ, ಬೆಳಗಿನ ಆ ಗೆಳೆತನವನ್ನೇ ಮುಚ್ಚಿಟ್ಟಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಕಾಲನ್ನೇ ಕಡಿದುಕೊಳ್ಳಬೇಕೆಂದು ಅವರು ಹೇಳಲಿಲ್ಲ.

ಉಪಾಯವು ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿಯೇ ಇದ್ದಿತು. ಬೆಂಗಳೂರು ಆಕಾಶವಾಣಿಯ ೬೧೨ ಕಿಲೋಹರ್ಟ್ಸಿನ ಪ್ರಸಾರವನ್ನು ನಮ್ಮ ಕಾಲದವರೆಲ್ಲರೂ ಕೇಳಿದವರೇ. ಆ ಅಲೆಯ ಉದ್ದ ೪೯೦ ಮೀಟರು. ಅದನ್ನು ಹಿಡಿಯುತ್ತಿದ್ದುದು ಪೆಟ್ಟಿಗೆಯೊಳಗಿನ ಬೆರಳುದ್ದದ ಫೆರೈಟ್ ಕಡ್ಡಿ ಮತ್ತು ಅದರ ಮೇಲೆ ಸುತ್ತಿದ ತಂತಿ. ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸಿದರೆ ಧ್ವನಿ ಏರುವುದು, ಇಳಿಯುವುದು. ಅದು ಸುರುಳಿಯ ಗುಣ. ಆದರೆ ಕೇಳುವುದು ಸುಲಭ, ಹೇಳುವುದು ಕಷ್ಟ. ಕೇಳುವಾಗ ಕುಂದಿದ ಧ್ವನಿಯನ್ನು ಯಂತ್ರವು ಹಿಗ್ಗಿಸಿಕೊಳ್ಳಬಹುದು. ಹೇಳುವಾಗ ಲೋಹದಲ್ಲಿ ಕಳೆದುಹೋದ ಶಕ್ತಿಯು ಮರಳಿ ಬಾರದು. ಆದಕಾರಣ ಕಳುಹಿಸುವ ಸುರುಳಿಯನ್ನು ದಪ್ಪನಾದ ತಾಮ್ರದಿಂದ, ಬೆಸುಗೆಯಲ್ಲಿ ಲೋಪವಿಲ್ಲದಂತೆ ಮಾಡಬೇಕು.

ಹವಾನಿಯಂತ್ರಣ ಯಂತ್ರಗಳನ್ನು ಜೋಡಿಸುವ ಒಬ್ಬ ಮೇಸ್ತ್ರಿಯಿಂದ ೨೨ ಮಿಲಿಮೀಟರು ದಪ್ಪದ ತಾಮ್ರದ ಕೊಳವೆಯನ್ನು ಒಂದು ಮೀಟರು ವ್ಯಾಸದ ಬಳೆಯಂತೆ ಬಗ್ಗಿಸಿಸಿದೆವು. ಬಳೆಯ ಬಾಯಿ ತೆರೆದಿರುವ ಕಡೆಯಲ್ಲಿ ತಗಡುಗಳು ಅಗಲವಾಗಿ ನಿಂತ ಒಂದು ಕಂಡೆನ್ಸರು. ಎದುರು ಬದಿಯಲ್ಲಿ, ಬಳೆಯ ಐದನೆಯ ಒಂದು ಪಾಲು ವ್ಯಾಸವುಳ್ಳ ಚಿಕ್ಕದೊಂದು ಬಳೆ. ರೇಡಿಯೋದ ಕೇಬಲ್ಲು ಈ ಚಿಕ್ಕ ಬಳೆಗೆ ಬರುವುದು. ಎರಡು ಬಳೆಗಳೂ ಒಂದನ್ನೊಂದು ಮುಟ್ಟಬೇಕಾಗಿಲ್ಲ. ಮೊಮ್ಮಗಳು ಅದನ್ನು ನೋಡಿ, “ಅಜ್ಜಿ, ಇದು ಯಾವ ರಾಕ್ಷಸಿಯ ಬಳೆ?” ಎಂದು ಕೇಳಿದಳು.

ಈಗ ಲೆಕ್ಕವನ್ನು ನೋಡೋಣ. ಈ ಒಂದು ಮೀಟರಿನ ಬಳೆಗೆ ೧೪.೨ ಮೆಗಾಹರ್ಟ್ಸಿನಲ್ಲಿ ಶಕ್ತಿಯನ್ನು ಅಲೆಯಾಗಿಸುವ ಪ್ರತಿರೋಧವು ಸುಮಾರು ೦.೧ ಓಮ್, ತಾಮ್ರದಲ್ಲಿ ಶಕ್ತಿಯನ್ನು ನುಂಗುವ ಪ್ರತಿರೋಧವು ಸುಮಾರು ೦.೦೪೫ ಓಮ್. ಕಂಡೆನ್ಸರಿನ ನಷ್ಟವನ್ನು ಬಿಟ್ಟರೆ, ನೂರಕ್ಕೆ ಸುಮಾರು ೬೮ ಪಾಲು ಶಕ್ತಿ ಹೊರಡುವುದು. ಆದರೆ ೭.೧ ಮೆಗಾಹರ್ಟ್ಸಿಗೆ ಇಳಿದೊಡನೆ ಅಲೆಯು ಎರಡರಷ್ಟಾಗಿ, ಅಲೆಯಾಗಿಸುವ ಪ್ರತಿರೋಧವು ಹದಿನಾರನೆಯ ಒಂದು ಪಾಲಿಗೆ ಬೀಳುವುದು. ಹೊರಡುವ ಶಕ್ತಿ ನೂರಕ್ಕೆ ಹದಿನಾರು ಮಾತ್ರ. ನಮ್ಮ ರೇಡಿಯೋದ ಶಕ್ತಿಯೇ ಹತ್ತು ವ್ಯಾಟು. ಅದರಲ್ಲಿ ಒಂದೂವರೆ ವ್ಯಾಟಿಗಿಂತ ಸ್ವಲ್ಪ ಹೆಚ್ಚು ಆಕಾಶಕ್ಕೆ ಏರಿತೆಂದಾಯಿತು.

ಪ್ರಯೋಗವೂ ಲೆಕ್ಕದಂತೆಯೇ ನಡೆಯಿತು. ೧೪ ಮೆಗಾಹರ್ಟ್ಸಿನಲ್ಲಿ ಒಂದು ಸಂಜೆ ಮೋರ್ಸ್ ಸಂಕೇತದಿಂದ ದೆಹಲಿಯ ಒಬ್ಬರೊಡನೆ ಸುಖವಾಗಿ ಸಂಭಾಷಣೆ ನಡೆಯಿತು. ಆದರೆ ಮಾರನೆಯ ಬೆಳಗ್ಗೆ ಏಳೂವರೆಗೆ ೭ ಮೆಗಾಹರ್ಟ್ಸಿನಲ್ಲಿ ನಮ್ಮ ಗುಂಪನ್ನು ಕರೆದಾಗ, ಮೋರ್ಸ್ ಕೇಳಿಸಿತೇ ಹೊರತು ಮಾತು ಯಾರಿಗೂ ತಿಳಿಯಲಿಲ್ಲ. ಅವರೆಲ್ಲರ ಧ್ವನಿ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಹೆಸರನ್ನು ಹೇಳಿ ಹುಡುಕುತ್ತಿದ್ದುದೂ ಕೇಳುತ್ತಿತ್ತು. ಕಿಟಕಿಯ ಒಳಗಿನಿಂದ ಬೀದಿಯವರನ್ನು ಕೂಗಿ ಕೇಳಿಸಲಾರದೆ ನಿಂತವರಂತೆ ಆಯಿತು ನಮ್ಮ ಪಾಡು.

ಆದರೆ ಬಳೆಯ ಗಣಿತದಲ್ಲಿ ಒಂದು ಕರುಣೆಯುಂಟು. ವ್ಯಾಸವನ್ನು ಎರಡರಷ್ಟು ಮಾಡಿದರೆ ನಷ್ಟವು ಎರಡರಷ್ಟಾಗುವುದು. ಅಲೆಯಾಗಿಸುವ ಗುಣವಾದರೋ ಹದಿನಾರರಷ್ಟಾಗುವುದು. ಎರಡು ಮೀಟರಿನ ಬಳೆಗೆ ನಮ್ಮ ಬಾಲ್ಕನಿಯಲ್ಲಿ ಎಡೆಯಿಲ್ಲ; ಒಂದೂವರೆ ಮೀಟರಿಗೆ ಇದ್ದಿತು. ಆ ಅಳತೆಗೆ ಲೆಕ್ಕಹಾಕಿದರೆ, ೭.೧ ಮೆಗಾಹರ್ಟ್ಸಿನಲ್ಲಿ ನೂರಕ್ಕೆ ಹತ್ತಿರಹತ್ತಿರ ನಲವತ್ತು ಪಾಲು ಹೊರಡುವುದು. ಹ್ಯಾಮ್‌ಗಳು ಧ್ವನಿಯ ಬಲವನ್ನು ಅಳೆಯುವ ಮೆಟ್ಟಲುಗಳಲ್ಲಿ, ಶಕ್ತಿಯು ನಾಲ್ಕನೆಯ ಒಂದು ಪಾಲಿಗೆ ಇಳಿದರೆ ಕೇಳುವವರಿಗೆ ಒಂದೇ ಮೆಟ್ಟಲು ಇಳಿದಂತೆ. ನೂರು ನಲವತ್ತಾದರೆ ಒಂದು ಮೆಟ್ಟಲಿಗಿಂತಲೂ ಕಡಿಮೆ ನಷ್ಟ. ಮೇಲಾಗಿ, ನೆಟ್ಟಗೆ ನಿಲ್ಲಿಸಿದ ಬಳೆಯು ಆಕಾಶದ ಕಡೆಗೂ ಚೆನ್ನಾಗಿ ಅಲೆಯನ್ನು ಕಳುಹಿಸುವುದರಿಂದ, ಮುನ್ನೂರು ನಾನೂರು ಕಿಲೋಮೀಟರಿನ ಸಮೀಪದ ಊರುಗಳಿಗೆ ಅದು ತಕ್ಕುದು. ಎರಡನೆಯ ಬಳೆ ಸಿದ್ಧವಾದ ಬೆಳಗ್ಗೆ ನಾವು ಕಾಲ್‌ಸೈನನ್ನು ಹೇಳಿ, ಉಸಿರನ್ನು ಬಿಗಿಹಿಡಿದು ಕುಳಿತೆವು. “ಅಕ್ಕಾರ, ನಿಮ್ಮ ದನಿ ಬಂತ್ರಿ!” ಎಂದು ಧಾರವಾಡದಿಂದ ಉತ್ತರ ಬಂದಿತು. ಆ ದಿನ ನಮ್ಮ ಮನೆಯಲ್ಲಿ ಪಾಯಸವಾಯಿತು.

ಚಿಕ್ಕ ಆಂಟೆನಾಕ್ಕೆ ದೊಡ್ಡದರಲ್ಲಿಲ್ಲದ ಗುಣಗಳೂ ಉಂಟು. ನಗರದಲ್ಲಿ ಎಲ್.ಇ.ಡಿ. ದೀಪಗಳೂ ಚಾರ್ಜರುಗಳೂ ರೇಡಿಯೋದಲ್ಲಿ ಸದಾ ಗೊರಗೊರ ಸದ್ದನ್ನು ತುಂಬುವುವು. ಬಳೆಯ ಅಗಲವಾದ ಮುಖವನ್ನು ಆ ಗದ್ದಲದ ಕಡೆಗೆ ತಿರುಗಿಸಿ ನಿಲ್ಲಿಸಿದರೆ ಅದು ಬಹಳವಾಗಿ ಅಡಗುವುದು. ಮರಕ್ಕೆ ಕಟ್ಟಿದ ತಂತಿಯನ್ನು ಹೀಗೆ ತಿರುಗಿಸಲಾಗದು. ಬಳೆಯು ಒಂದೇ ಅಲೆಗೆ ಬಿಗಿಯಾಗಿ ಶ್ರುತಿಗೊಳ್ಳುವುದರಿಂದ, ಪಕ್ಕದ ಬಲವಾದ ನಿಲಯಗಳ ಹಾವಳಿ ಕಡಿಮೆ. ಕೆಲಸ ಮುಗಿದ ಮೇಲೆ ಅದನ್ನು ಒಳಗೆ ಗೋಡೆಗೆ ಒರಗಿಸಿಡಬಹುದು. ನೆರೆಯವರಿಗೆ ಕಣ್ಣಿಗೆ ಚುಚ್ಚುವುದಿಲ್ಲ. ಸಂಘದವರ ಆಕ್ಷೇಪಣೆಯೂ ಬರಲಿಲ್ಲ.

ದೋಷಗಳನ್ನೂ ಮರೆಮಾಚಕೂಡದು. ಚಿಕ್ಕ ಆಂಟೆನಾಗಳಿಗೆ ಪ್ರಕೃತಿಯೇ ಹಾಕಿದ ಮಿತಿಯನ್ನು ೧೯೪೭ರಲ್ಲಿ ಹೆರಾಲ್ಡ್ ವೀಲರರೂ ೧೯೪೮ರಲ್ಲಿ ಎಲ್. ಜೆ. ಚೂ ಎಂಬವರೂ ಗಣಿತದಿಂದ ತೋರಿಸಿದರು. ಗಾತ್ರವನ್ನು ಕುಗ್ಗಿಸಿದವರು ಒಂದೋ ಶಕ್ತಿಯಲ್ಲಿ ನಷ್ಟವನ್ನು, ಇಲ್ಲವೆ ಶ್ರುತಿಯ ಅಗಲದಲ್ಲಿ ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಬಳೆಯು ಒಮ್ಮೆಗೆ ಕೆಲವೇ ಕಿಲೋಹರ್ಟ್ಸುಗಳಿಗೆ ಶ್ರುತಿಗೊಳ್ಳುವುದು; ಅತ್ತಿತ್ತ ಸರಿದಾಗಲೆಲ್ಲ ಕಂಡೆನ್ಸರನ್ನು ತಿರುಗಿಸಬೇಕು. ಹತ್ತೇ ವ್ಯಾಟಿನಲ್ಲಿಯೂ ಆ ಕಂಡೆನ್ಸರಿನ ತಗಡುಗಳ ನಡುವೆ ಸುಮಾರು ೨,೦೦೦ ವೋಲ್ಟು ಹುಟ್ಟುವುದು! ಮಾತನಾಡುವಾಗ ಬಳೆಯನ್ನು ಯಾರೂ ಮುಟ್ಟಕೂಡದು. ಮಕ್ಕಳು ಅದರ ಬಳಿ ನಿಲ್ಲಕೂಡದು. ನಾವು ಕಂಡೆನ್ಸರಿಗೆ ಒಂದು ಸಣ್ಣ ಮೋಟಾರನ್ನು ಜೋಡಿಸಿ, ಒಳಗಿನ ಕೋಣೆಯಿಂದಲೇ ತಿರುಗಿಸುವೆವು. ಬಾಲ್ಕನಿಯ ಕಬ್ಬಿಣದ ಕಂಬಿಗಳೂ ಅಲೆಯನ್ನು ನುಂಗುವುದರಿಂದ, ಬಳೆಯನ್ನು ಅವುಗಳಿಂದ ಆದಷ್ಟು ದೂರದಲ್ಲಿ ನಿಲ್ಲಿಸತಕ್ಕದ್ದು. ಅಂಗಳವೂ ಮರಗಳೂ ಇರುವವರು ಉದ್ದ ತಂತಿಯನ್ನೇ ಕಟ್ಟಲಿ. ಅದಕ್ಕಿಂತ ಅಗ್ಗವಾದುದೂ ಉತ್ತಮವಾದುದೂ ಇಲ್ಲ.

ಇಷ್ಟೆಲ್ಲ ಶ್ರಮ ಏತಕ್ಕೆ, ಕೈಯಲ್ಲಿ ಮೊಬೈಲ್ ಫೋನ್ ಇಲ್ಲವೇ ಎಂದು ಪೋಷಕರು ಕೇಳಬಹುದು. ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿಯು ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿದಾಗ, ಆಗ ಪೋರ್ಟ್ ಬ್ಲೇರ್ ಎಂದು ಕರೆಯುತ್ತಿದ್ದ ಪಟ್ಟಣದಲ್ಲಿ ಶ್ರೀಮತಿ ಭಾರತಿ ಪ್ರಸಾದ್ ಎಂಬ ಮಹಿಳೆಯು ತಂಡದೊಡನೆ ಹ್ಯಾಮ್ ನಿಲಯವನ್ನು ನಡೆಸುತ್ತಿದ್ದರು. ಬಂದುದು ಹವ್ಯಾಸಕ್ಕಾಗಿ, ಮಾಡಿದುದು ಸೇವೆ. ದೂರವಾಣಿಗಳು ಕೆಟ್ಟು ನಿಂತಾಗ, ದ್ವೀಪದವರ ಯೋಗಕ್ಷೇಮದ ವಾರ್ತೆಗಳನ್ನು ಅವರು ಹೊರಗಿನ ನೆಂಟರಿಗೆ ಮುಟ್ಟಿಸಿದರು. ಅಂಥ ಸಮಯದಲ್ಲಿ ಕಂಬ ನೆಟ್ಟು ತಂತಿ ಎಳೆಯಲು ಎಲ್ಲೆಡೆಯೂ ಅವಕಾಶವಿರಲಾರದು. ಒಬ್ಬಳೇ ಹೊತ್ತು, ಒಬ್ಬಳೇ ನಿಲ್ಲಿಸಿ, ಕಾಲು ಗಂಟೆಯಲ್ಲಿ ಕರೆಯಬಲ್ಲ ಆಂಟೆನಾದ ಬೆಲೆ ಆಗ ತಿಳಿಯುವುದು.

೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಹೆಸರಿನ ಪ್ರಸಾರವನ್ನು ತಮ್ಮ ಮನೆಯಿಂದಲೇ ಆರಂಭಿಸಿದರು. ನಮ್ಮ ನಾಡಿಗೆ ರೇಡಿಯೋ ಬಂದುದು ಹೀಗೆ, ಮನೆಯ ಕೋಣೆಯ ಮೂಲಕ. ಪ್ರಿಯ ಸೋದರಿಯರೇ, ನಿಮ್ಮ ಮಗಳಿಗೆ ಈ ವಿದ್ಯೆಯಲ್ಲಿ ಆಸೆ ಹುಟ್ಟಿದರೆ, ಮನೆ ಚಿಕ್ಕದೆಂದು ತಡೆಯಬೇಡಿರಿ. ಒಂದು ತುಂಡು ತಾಮ್ರದ ಕೊಳವೆಯನ್ನೂ ಒಂದು ಲೆಕ್ಕದ ಪುಸ್ತಕವನ್ನೂ ತಂದುಕೊಡಿರಿ. ಎಷ್ಟು ಉಳಿಯುವುದು, ಎಷ್ಟು ನಷ್ಟವಾಗುವುದು ಎಂಬುದನ್ನು ಅವಳೇ ಗುಣಿಸಿ ನೋಡಲಿ. ಇದ್ದ ಸ್ಥಳದಲ್ಲಿಯೇ ನಿಂತು ದೂರದವರಿಗೆ ತನ್ನ ಧ್ವನಿಯನ್ನು ಮುಟ್ಟಿಸುವ ಬಗೆಯನ್ನು ಹೀಗೆ ಲೆಕ್ಕದಿಂದ ಕಲಿತ ಹುಡುಗಿಗೆ, ಮುಂದೆ ಯಾವ ಮನೆಯೂ ತೀರ ಇಕ್ಕಟ್ಟೆನಿಸದು.