ಟವರ್ ಇಲ್ಲದ ಕಾಡಿನಲ್ಲಿ

ತೀರ್ಥಹಳ್ಳಿ ಬಿಟ್ಟ ಬಸ್ಸು ಆಗುಂಬೆಯ ಕಡೆ ಸಾಗುತ್ತಿದ್ದಂತೆ ಅಡಿಕೆ ತೋಟಗಳು ಹಿಂದೆ ಸರಿದು, ಕಾಡು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಅದುವರೆಗೆ ಮೊಬೈಲಿನಲ್ಲಿ ಮುಳುಗಿದ್ದವರು ಒಬ್ಬೊಬ್ಬರಾಗಿ ಅದನ್ನು ಜೇಬಿಗೆ ಇಳಿಸುತ್ತಾರೆ. “ಟವರ್ ಹೋಯ್ತು ಮಾರಾಯ್ರೆ” ಎಂದು ಹಿಂದಿನ ಸೀಟಿನಿಂದ ಯಾರೋ ಹೇಳುತ್ತಾರೆ. ಅದರಲ್ಲಿ ಬೇಸರವೇನೂ ಇರುವುದಿಲ್ಲ. ಮಲೆನಾಡಿನವರಿಗೆ ಇದು ಮಳೆ ಬಂದಷ್ಟೇ ಸಹಜ.

ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿಗೇ ಆತುಕೊಂಡಿರುವ ಪುಟ್ಟ ಊರು ಆಗುಂಬೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಬೆಂಗಳೂರಿನ ಮಳೆಯ ಸುಮಾರು ಏಳು ಪಟ್ಟು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ ದೊಡ್ಡಮನೆ ಇರುವುದೂ ಇಲ್ಲೇ. ಊರು ದಾಟಿದರೆ ಹದಿನಾಲ್ಕು ತಿರುವುಗಳ ಘಾಟಿ, ಕೆಳಗೆ ಸೋಮೇಶ್ವರ. ಸುತ್ತಲೂ ಕಾಳಿಂಗ ಸರ್ಪಗಳಿಗೆ ಹೆಸರಾದ ಕಾಡು.

ಮಳೆಗಾಲ ಕಳೆದು ಇಂಬಳಗಳ ಕಾಟ ತಗ್ಗಿದ ಒಂದು ದಿನ, ಮೈಸೂರಿನ ನಿವೃತ್ತ ದಂಪತಿ ಈ ಊರಿಗೆ ಬಂದಿಳಿದರು. ಒನಕೆ ಅಬ್ಬಿ ನೋಡಬೇಕೆಂಬುದು ಹೆಂಡತಿಯ ಬಹುದಿನದ ಆಸೆ. ಮಗಳು ಹೊರಡುವ ಹಿಂದಿನ ರಾತ್ರಿ ಅಪ್ಪನ ಫೋನಿಗೆ ನಾಲ್ಕಾರು ತಂತ್ರಾಂಶಗಳನ್ನು ತುಂಬಿ, ಹೇಗೆ ಬಳಸಬೇಕೆಂದು ಎರಡೆರಡು ಸಲ ಹೇಳಿಕೊಟ್ಟಿದ್ದಳು. ಇಂಟರ್‌ನೆಟ್ಟೇ ಇಲ್ಲದ ಕಡೆ ಇವೆಲ್ಲ ಏಕೆ ಎಂಬ ಅಪ್ಪನ ಗೊಣಗಾಟ ಬಸ್ಸಿನಲ್ಲೂ ನಿಂತಿರಲಿಲ್ಲ.

ಈ ಗೊಣಗಾಟ ಅವರೊಬ್ಬರದ್ದಲ್ಲ. ಫೋನಿಗೆ ದಾರಿ ತಿಳಿಸುವುದು ಇಂಟರ್‌ನೆಟ್ ಎಂದೇ ಅನೇಕರ ನಂಬಿಕೆ. ನಿಜವಾಗಿ ನಾವಿರುವ ಜಾಗವನ್ನು ಫೋನು ತಿಳಿದುಕೊಳ್ಳುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಿಂದ. ಅವುಗಳ ಸಂಕೇತ ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ನೆಲ ಮುಟ್ಟುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ, ಅವು ತಲುಪಿದ ವೇಳೆಯ ವ್ಯತ್ಯಾಸದಿಂದ ಫೋನು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಕಾರ್ಡೂ ಬೇಡ, ರೀಚಾರ್ಜೂ ಬೇಡ. ಇಂಟರ್‌ನೆಟ್ ಬೇಕಾಗುವುದು ನಕ್ಷೆಯ ಚಿತ್ರವನ್ನು ತರಿಸಿಕೊಳ್ಳಲು ಮಾತ್ರ. ಆ ಚಿತ್ರವನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಮುಗಿಯಿತು.

ಗೂಗಲ್ ಮ್ಯಾಪಿನಲ್ಲೂ ಹೀಗೆ ಒಂದು ಪ್ರದೇಶವನ್ನು ಇಳಿಸಿಟ್ಟುಕೊಳ್ಳಬಹುದು. ಆದರೆ ಸಂಪರ್ಕವಿಲ್ಲದಾಗ ಅದು ವಾಹನದ ದಾರಿ ಹೇಳುತ್ತದೆಯೇ ಹೊರತು ನಡಿಗೆಯ ದಾರಿಯನ್ನಲ್ಲ. ಕಾಲುದಾರಿಗೆ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂ ಆ್ಯಂಡ್ ಮುಂತಾದವು ವಾಸಿ. ಎರಡಕ್ಕೂ ಆಧಾರ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಜಗತ್ತಿನ ಸಾಮಾನ್ಯ ಜನರೇ ಸೇರಿ ಬರೆಯುತ್ತಿರುವ ನಕ್ಷೆ ಇದು. ಯಾರೂ ಬರೆಯದ ಕಾಲುದಾರಿ ಅದರಲ್ಲಿ ಇರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅದಕ್ಕೇ ಮಗಳು ಇನ್ನೊಂದು ಕೆಲಸ ಹೇಳಿಕೊಟ್ಟಿದ್ದಳು: ನಡೆಯಲು ಆರಂಭಿಸಿದಾಗ ಒಂದು ಗುಂಡಿ ಒತ್ತಿದರೆ, ನಡೆದ ಹಾದಿಯೆಲ್ಲ ನಕ್ಷೆಯ ಮೇಲೆ ಗೆರೆಯಾಗಿ ಮೂಡುತ್ತ ಹೋಗುತ್ತದೆ. ಹಿಂತಿರುಗುವಾಗ ಆ ಗೆರೆ ಹಿಡಿದು ಬಂದರಾಯಿತು.

ಅರಣ್ಯ ಇಲಾಖೆಯ ಅನುಮತಿ ಪಡೆದು ದಂಪತಿ ಹೊರಟರು. ಯಜಮಾನರು ಬಸ್ ನಿಲ್ದಾಣದ ಬಯಲಿನಲ್ಲೇ ನಿಂತು ಜಿಪಿಎಸ್ ಹಚ್ಚಿದರು. ಟವರಿನ ನೆರವಿಲ್ಲದಿದ್ದರೆ ಫೋನಿಗೆ ಉಪಗ್ರಹಗಳನ್ನು ಹುಡುಕಲು ಹೊತ್ತು ಹಿಡಿಯುತ್ತದೆ, ಮರಗಳ ಕೆಳಗಂತೂ ಇನ್ನೂ ಕಷ್ಟ. ಬಳಿಕ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರು. ಇಲ್ಲದ ಟವರನ್ನು ಹುಡುಕಿ ಹುಡುಕಿಯೇ ಬ್ಯಾಟರಿ ಬರಿದಾಗುವುದು ಹೆಚ್ಚು. ಈ ಮೋಡಿನಲ್ಲೂ ಬಹುತೇಕ ಫೋನುಗಳಲ್ಲಿ ಜಿಪಿಎಸ್ ಕೆಲಸ ಮಾಡುತ್ತದೆ. ದಾರಿಯಲ್ಲಿ ಕಂಡ ಹಕ್ಕಿಯೊಂದರ ಗಾತ್ರ, ಬಣ್ಣ, ಕೂತ ಜಾಗ ಹೇಳಿದ್ದಕ್ಕೆ ಮರ್ಲಿನ್ ಎಂಬ ತಂತ್ರಾಂಶ ನಾಲ್ಕೈದು ಚಿತ್ರ ತೋರಿಸಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು. ನಮ್ಮ ಪ್ರದೇಶದ ಹಕ್ಕಿಗಳ ಕಟ್ಟನ್ನು ಮೊದಲೇ ಇಳಿಸಿಕೊಂಡರೆ ಇದಕ್ಕೂ ಇಂಟರ್‌ನೆಟ್ ಬೇಡ. ಹೆಂಡತಿಗೆ ಹಿಡಿಸಿದ್ದು ಇದೊಂದೇ.

ಅಬ್ಬಿ ನೋಡಿ ಹೊರಳುವಷ್ಟರಲ್ಲಿ ಘಟ್ಟದ ಕೆಳಗಿನಿಂದ ಮಂಜು ಏರಿತು. ಹತ್ತು ಮಾರು ಆಚೆಯ ಮರ ಕಾಣದಾಯಿತು. ಬರುವಾಗ ಗಮನಕ್ಕೇ ಬಾರದ ಒಂದು ಕವಲು ಈಗ ಎದುರಿಗಿತ್ತು. ಎರಡೂ ಒಂದೇ ಅಗಲ, ಎರಡರ ಮೇಲೂ ಅದೇ ತರಗೆಲೆ.

“ಬಲಗಡೆ ಕಣೇ, ನಂಗೆ ಚೆನ್ನಾಗಿ ನೆನಪಿದೆ” ಎಂದರು ಯಜಮಾನರು.

“ಆ ಫೋನು ಏನನ್ನತ್ತೆ ನೋಡ್ರೀ.”

ಫೋನು ಏನೂ ಹೇಳಲಿಲ್ಲ. ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುವ ಜಿಪಿಎಸ್ ಲೆಕ್ಕ ದಟ್ಟ ಮರಗಳ ಕೆಳಗೆ ಇನ್ನಷ್ಟು ತಪ್ಪುತ್ತದೆ. ಕವಲಿನ ಬಾಯಲ್ಲಿ ನಿಂತವನಿಗೆ ಎಡ ಯಾವುದು, ಬಲ ಯಾವುದು ಎಂದು ಅದು ಬಿಡಿಸಿ ಹೇಳಲಾರದು. ಯಜಮಾನರು ಬಲಕ್ಕೇ ನಡೆದರು. ಐವತ್ತು ಹೆಜ್ಜೆಯಾದ ಮೇಲೆ ನಿಂತು ನೋಡಿದರೆ, ನೀಲಿ ಚುಕ್ಕೆ ಗೆರೆಯನ್ನು ಬಿಟ್ಟು ದೂರ ಸರಿದಿತ್ತು. ಗಡಿಯಾರದಲ್ಲಿ ಐದೂಕಾಲು. ಡಿಸೆಂಬರಿನ ಕಾಡಿನಲ್ಲಿ ಆರು ಗಂಟೆಗೆಲ್ಲ ಕತ್ತಲೆ. ಮಾತಿಲ್ಲದೆ ಹಿಂದಕ್ಕೆ ಬಂದು ಎಡಗವಲು ಹಿಡಿದರು. ಮತ್ತೆ ಐವತ್ತು ಹೆಜ್ಜೆ. ಈ ಸಲ ಚುಕ್ಕೆ ಗೆರೆಯ ಮೇಲೆಯೇ ಸಾಗುತ್ತಿತ್ತು.

ಏಪ್ರಿಲ್–ಮೇ ತಿಂಗಳಲ್ಲಿ ಬರುವವರಿಗೆ ಮಂಜಿಗಿಂತ ಸಿಡಿಲಿನ ಭಯ ಹೆಚ್ಚು. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’, ಕರ್ನಾಟಕದ್ದೇ ಆದ ‘ಸಿಡಿಲು’ ತಂತ್ರಾಂಶಗಳು ಮುನ್ನೆಚ್ಚರಿಕೆ ಕೊಡುತ್ತವೆ, ಆದರೆ ಅವಕ್ಕೆ ಇಂಟರ್‌ನೆಟ್ ಬೇಕೇ ಬೇಕು. ಹಾಗಾಗಿ ಊರಿನಲ್ಲಿರುವಾಗಲೇ ನೋಡಿಕೊಂಡು ಹೊರಡಬೇಕು. ಕಾಡಿನೊಳಗೆ ಹಳೆಯ ಲೆಕ್ಕವೇ ಗತಿ: ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ. ಎಣಿಕೆ ಮೂವತ್ತನ್ನು ಮುಟ್ಟದಿದ್ದರೆ ಬಂಡೆಯ ನೆತ್ತಿ, ಒಂಟಿ ಮರದ ಬುಡ ಬಿಟ್ಟು ಇಳಿಯುವುದು ಲೇಸು. ಇನ್ನೊಂದು ಮಾತು: ನಿಮ್ಮ ಕಂಪನಿಯ ಟವರ್ ಇಲ್ಲದ ಜಾಗದಲ್ಲೂ ಬೇರೆ ಕಂಪನಿಯ ಟವರ್ ಇದ್ದರೆ 112ಕ್ಕೆ ಕರೆ ಹೋಗಬಹುದು. ಏರೋಪ್ಲೇನ್ ಮೋಡ್ ತೆಗೆದು ಪ್ರಯತ್ನಿಸಬೇಕು, ಅಷ್ಟೆ.

ದಂಪತಿ ಊರು ಸೇರುವಾಗ ದೀಪ ಹತ್ತಿತ್ತು. ಹೋಟೆಲಿನ ಬೆಂಚಿನ ಮೇಲೆ ಕೂತು ಕಷಾಯಕ್ಕೆ ಹೇಳಿ, ಯಜಮಾನರು ಫೋನನ್ನು ಮೊದಲಿನಂತೆ ಮಾಡಿದರು. ಟವರ್ ಸಿಕ್ಕಿದ್ದೇ ತಡ, ಮಗಳ ಸಂದೇಶಗಳು ಸಾಲಾಗಿ ಬಂದು ಬಿದ್ದವು. ಮಧ್ಯಾಹ್ನದ ಮೊದಲನೆಯದು ‘ಊಟ ಆಯ್ತಾ ಅಪ್ಪ?’; ಸಂಜೆಯ ಕೊನೆಯದರ ಹೊತ್ತಿಗೆ ಆಕೆ ತೀರ್ಥಹಳ್ಳಿಯಲ್ಲಿ ಪರಿಚಯದವರನ್ನು ಹುಡುಕತೊಡಗಿದ್ದಳು.

“ಎಷ್ಟು ಹೊತ್ತಿಗೆ ವಾಪಸು ಬರ್ತೀವಿ ಅಂತ ಅವಳಿಗೆ ಹೇಳಿರಲಿಲ್ವಾ ನೀವು?” ಎಂದರು ಹೆಂಡತಿ.

ಯಜಮಾನರು ಕಷಾಯದ ಲೋಟ ಕೆಳಗಿಟ್ಟು ಮಗಳ ನಂಬರು ಒತ್ತಿದರು.