ಬಿಸಿಲಿನ ಮೇಲೆ ಹಾಕಿದ ತಪ್ಪು

ಊರ ಹಿತ್ತಿಲಲ್ಲಿ ಅಣ್ಣ ಮನೆ ಕಟ್ಟಿಸಲು ಪಾಯ ತೋಡಿಸುವ ಮೊದಲು, ಅಮ್ಮ ಡೆಲ್ಲಿ ಕನಕಾಂಬರದ ಕಡ್ಡಿಗಳನ್ನು ಕತ್ತರಿಸಿ ಬೇರು ಬರಿಸಿದಳು. ಹನ್ನೆರಡು ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ನಮ್ಮ ಮನೆಗೆ ತಂದಳು. ಮಾಮೂಲಿ ಕಿತ್ತಳೆ ಕನಕಾಂಬರವಾದರೆ ಬೀಜವಾಗುತ್ತದೆ. ಒಣಗಿದ ಕಾಯಿಗೆ ಹನಿ ನೀರು ಸೋಕಿದರೆ ಸಾಕು, ಚಟ್ಟನೆ ಸಿಡಿದು ತಾನೇ ಬಿತ್ತಿಕೊಳ್ಳುತ್ತದೆ. ಡೆಲ್ಲಿ ಹಾಗಲ್ಲ. ಅದರಲ್ಲಿ ಪ್ರತಿ ವರ್ಣತಂತುವೂ ಎರಡರ ಬದಲು ಮೂರು ಪ್ರತಿ ಇರುವುದರಿಂದ ಬೀಜ ಕಟ್ಟುವುದೇ ಇಲ್ಲ. ಕಡ್ಡಿಯಿಂದ ಕಡ್ಡಿಗೇ ಅದರ ವಂಶ.

"ಒಂದೆರಡನ್ನು ಕುಂಡದಲ್ಲೂ ಇಟ್ಟಿರು" ಎಂದಿದ್ದಳು. ನಾನು ಹನ್ನೆರಡನ್ನೂ ಒಂದೇ ಪಾತಿಯಲ್ಲಿ ನೆಟ್ಟೆ. ಎರಡು ವರ್ಷ ಟೊಮೆಟೊ, ಬದನೆ ಬೆಳೆದಿದ್ದ ಪಾತಿ ಅದು.

ಮೊದಲ ಬೇಸಿಗೆ ಚೆನ್ನಾಗಿತ್ತು. ಹಸಿರು ತೆನೆಯ ಬುಡದಿಂದ ದಿನಕ್ಕಿಷ್ಟು ಹೂ ಅರಳುತ್ತ ಮೇಲೇರುತ್ತಿದ್ದವು. ಕನಕಾಂಬರಕ್ಕೆ ಘಮವಿಲ್ಲ ನಿಜ, ಆದರೆ ಎಸಳಿನ ಕೆಳಗಿನ ಆ ಸಪೂರ ಕೊಳವೆ ದಾರಕ್ಕೆ ಸಿಕ್ಕಷ್ಟು ಸಲೀಸಾಗಿ ಬೇರೆ ಹೂವಿನ ತೊಟ್ಟು ಸಿಕ್ಕುವುದಿಲ್ಲ. ಮಲ್ಲಿಗೆಯ ನಡುನಡುವೆ ಇಟ್ಟು ಕಟ್ಟಿದರೆ ದಂಡೆಗೆ ಜೀವ ಬರುತ್ತಿತ್ತು.

ಎರಡನೆಯ ಬೇಸಿಗೆಗೆ ಎಲೆ ಹಳದಿಯಾಯಿತು, ತೆನೆ ಗಿಡ್ಡವಾಯಿತು. ಮಧ್ಯಾಹ್ನ ಗಿಡಗಳು ಜೋತುಬೀಳುತ್ತಿದ್ದವು. ನೀರು ಹಾಕಿದೆ. ಸಂಜೆಯೂ ಹಾಕಿದೆ. ಮಣ್ಣು ಕಾಲಿಗೆ ಅಂಟುವಷ್ಟು ಒದ್ದೆಯಿದ್ದರೂ ಎಲೆ ಬಾಡಿದ್ದನ್ನು ಕಂಡು ಮತ್ತೆ ಕೊಡ ಎತ್ತಿದೆ. ಒಂದೇ ಒಂದು ಗಿಡವನ್ನು ಕಿತ್ತು ನೋಡಲು ಮನಸ್ಸು ಬರಲಿಲ್ಲ. ಅಮ್ಮನ ಗಿಡ ಕೀಳುವುದು ಹೇಗೆ ಎಂಬ ಸಂಕಟ. ಆ ಸಂಕಟವೇ ಉಳಿದ ಹನ್ನೊಂದನ್ನೂ ಕೊಂದಿತು.

ಐದು ಸತ್ತ ಮೇಲೆ ಕಿತ್ತೆ. ಬೇರಿನ ತುಂಬ ಗಂಟುಗಳು. ಬೇರುಗಂಟು ಜಂತುಹುಳು, ಕಣ್ಣಿಗೆ ಕಾಣದ್ದು. ಟೊಮೆಟೊ, ಬದನೆಯ ಬೇರಿನಲ್ಲಿ ಬೆಳೆದು ಮಣ್ಣಿನಲ್ಲೇ ಉಳಿದು, ಕನಕಾಂಬರಕ್ಕೆ ಹತ್ತಿತ್ತು. ಗಂಟುಕಟ್ಟಿದ ಬೇರು ನೀರು ಹೀರಲಾರದು. ನಾನು ಸುರಿದ ನೀರು ಅದನ್ನು ಕೊಳೆಸಿತಷ್ಟೆ. ನೆಡುವ ಮೊದಲು ಪಾತಿಯನ್ನು ಅಗೆದು ಬಿರುಬಿಸಿಲಿಗೆ ಒಣಗಲು ಬಿಟ್ಟು, ಬೇವಿನ ಹಿಂಡಿ ಬೆರೆಸಿ, ಒಂದು ಬೆಳೆ ಚೆಂಡುಹೂ ತೆಗೆದಿದ್ದರೆ ಹುಳು ಬಹಳಷ್ಟು ತಗ್ಗುತ್ತಿತ್ತು. ಉಳಿದ ಏಳರ ತುದಿಗಳನ್ನಾದರೂ ಆ ದಿನವೇ ಕತ್ತರಿಸಿ ಹೊಸ ಮಣ್ಣಿಗೆ ಊರಬಹುದಿತ್ತು. ಅದೂ ಹೊಳೆದದ್ದು ಎಲ್ಲ ಒಣಗಿದ ಮೇಲೆ.

ಅಮ್ಮನಿಗೆ "ಬಿಸಿಲಿಗೆ ಹೋದವು" ಎಂದೆ. ಬಿಸಿಲಲ್ಲೇ ಸೊಗಸಾಗಿ ಅರಳುವ ಗಿಡ! ಅವಳು ನಂಬಿದಳು, ಎರಡು ವರ್ಷ, ಕೇಳಿದವರಿಗೆಲ್ಲ ನಮ್ಮ ಕಡೆಯ ಬಿಸಿಲನ್ನೇ ದೂರಿದಳು.

ಹೋದ ತಿಂಗಳು ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು, ಗಂಟುಗಳು ರಾಗಿಕಾಳಿನಷ್ಟಿದ್ದವೋ ಮೆಣಸಿನಕಾಳಿನಷ್ಟೋ ಎಂದು ಕೇಳಿದಳು.